ಆರ್‌ಸಿಯಲ್ಲಿ ಅವಳ ಹೆಸರು

ಬೀರೂರು ಕಡೆಯಿಂದ ಬಂದ ಬಸ್ಸಿನಿಂದ ಕೋಮಲಾ ಇಳಿದಳು. ಕೋಪ ಮೂಗಿನ ತುದಿಯಲ್ಲೇ ಇತ್ತು. ಅಜ್ಜಂಪುರದ ಪೊಲೀಸ್ ಠಾಣೆಯ ಎದುರು ನಿಂತಿದ್ದ ಮೃತ್ಯುಂಜಯನಿಗೆ ಅದು ದೂರದಿಂದಲೇ ಕಂಡಿತು. ಆದರೂ ಎರಡು ವರ್ಷದ ಮೇಲೆ ಅವಳನ್ನು ಕಣ್ತುಂಬ ನೋಡುತ್ತಿದ್ದೇನಲ್ಲ ಎಂದು ಹಾಳು ಮನಸ್ಸು ಒಳಗೊಳಗೇ ಕುಣಿಯಿತು. ಬೈಸಿಕೊಳ್ಳಲು ನಿಂತವನಿಗೆ ಅಷ್ಟು ಖುಷಿ ಯಾಕೆ ಬೇಕಿತ್ತೋ, ಆ ಶಿವನೇ ಬಲ್ಲ.

"ಕ್ಲಾಸಲ್ಲಿ ಪಾಠ ಮಾಡ್ತಿದ್ದೆ. ನಿಮ್ ಕಾರು ಹಿಡ್ದಿದೀವಿ, ಸ್ಟೇಷನ್ನಿಗೆ ಬನ್ನಿ ಅಂತ ಫೋನ್ ಬಂತು. ಆ ಕಾರು ನಿಮಗೆ ಮಾರಿ ಎರಡ್ ವರ್ಷ ಆಯ್ತಲ್ರೀ?"

"ಆರ್‌ಸಿ ಇನ್ನೂ ನಿಮ್ ಹೆಸ್ರಲ್ಲೇ ಐತೆ ಮೇಡಂ."

ಅದೇ ನೋಡಿ ಸಂಗತಿ. ಮೃತ್ಯುಂಜಯನದು ಊರಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಕಡೂರಿನ ಕಾಲೇಜಿನಲ್ಲಿ ಗಣಿತ ಕಲಿಸುವ ಕೋಮಲಾ ತನ್ನ ಹಳೆಯ ಬಿಳಿ ಕಾರನ್ನು ಮಾರಿದಾಗ ಕೊಂಡವನು ಅವನೇ. ಹೆಸರು ಬದಲಾಯಿಸುವ ಫಾರಂಗೆ ಅವಳು ಅಂದೇ ಸಹಿ ಹಾಕಿದ್ದಳು. ಇವನು ಅದನ್ನು ಬೀರುವಿನಲ್ಲಿಟ್ಟು ಸುಮ್ಮನಾದ.

ತಿಂಗಳ ಮೊದಲ ಭಾನುವಾರ ಅವಳ ಫೋನು ಬರುತ್ತಿತ್ತು. "ಟ್ರಾನ್ಸ್‌ಫರ್ ಆಯ್ತಾ?" "ಇಲ್ಲ ಮೇಡಂ, ಸರ್ವರ್ ಡೌನ್." ಆಮೇಲೆ ಮಾತು ಅವಳ ಅಪ್ಪ ತೀರ್ಥಪ್ಪನವರ ಮೊಣಕಾಲು ನೋವಿಗೆ, ಇವನ ಅವ್ವನ ಸೀರಿಯಲ್ ಹುಚ್ಚಿಗೆ ಹೊರಳಿ ಅರ್ಧ ಗಂಟೆ ಸಾಗುತ್ತಿತ್ತು. ಹೆಸರು ಬದಲಾದರೆ ಆ ಫೋನು ನಿಂತುಹೋಗುತ್ತದೆ. ಆ ಭಯಕ್ಕೆ ಪುಣ್ಯಾತ್ಮ ಎರಡು ವರ್ಷ ಸುಳ್ಳು ಹೇಳಿದ್ದ.

ನಿನ್ನೆ ತರೀಕೆರೆ ರಸ್ತೆಯಲ್ಲಿ ತಪಾಸಣೆಗೆ ನಿಲ್ಲಿಸಿದ ಪೊಲೀಸರು ಕಾಗದದಲ್ಲೊಂದು ಹೆಸರು, ಸ್ಟೀರಿಂಗ್ ಹಿಂದೆ ಇನ್ನೊಬ್ಬ ಮನುಷ್ಯ ಎಂದು ಗಾಡಿಯನ್ನು ಠಾಣೆಗೆ ತಂದುಬಿಟ್ಟಿದ್ದರು.

ಠಾಣೆಯೊಳಗೆ ಹೆಡ್ ಕಾನ್ಸ್‌ಟೇಬಲ್ ರುದ್ರಮೂರ್ತಿ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಏನಪ್ಪಾ, ಯಾರಿಗಾದ್ರೂ ಗುದ್ದಿದ್ರೆ ಕೇಸು ಈ ಮೇಡಮ್ಮೋರ ತಲೆಗೂ ಬತ್ತಿತ್ತು, ಗೊತ್ತಾ? ಇವತ್ತೇ ಆನ್‌ಲೈನಲ್ಲಿ ಅರ್ಜಿ ಹಾಕಿ ರಶೀದಿ ತಂದು ತೋರ್ಸಿ. ಆಮೇಲೆ ಗಾಡಿ."

ಅವಳ ದನಿಯ ಆಸೆಗೆ ಅವಳನ್ನೇ ಸಿಕ್ಕಿಸಿ ಹಾಕುತ್ತಿದ್ದೇನೆ ಎಂಬುದು ಅಲ್ಲಿಯವರೆಗೆ ಮೃತ್ಯುಂಜಯನ ಮಂಡೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ಎದುರಿನ ಸೈಬರ್ ಸೆಂಟರಿನಲ್ಲಿ ಒಂದೇ ಬೆಂಚು. ಮೊಣಕೈ ತಾಗದಂತೆ ಇಬ್ಬರೂ ಕುಳಿತರು, ಆದರೂ ತಾಗಿತು. ಅವಳು ಸರಿಯಲಿಲ್ಲ, ಅವನು ಉಸಿರಾಡಲಿಲ್ಲ. ಅವಳ ಮೊಬೈಲಿಗೆ ಓಟಿಪಿ ಬಂತು. ಅವಳು ಒಂದೊಂದೇ ಅಂಕಿ ಓದಿದಳು, ಇವನು ಒತ್ತಿದ. ಅರ್ಜಿ ಸಲ್ಲಿಸುವ ಕೊನೆಯ ಬಟನ್ ಒಂದು ಉಳಿಯಿತು. ಅವನ ಬೆರಳು ಮುಂದೆ ಹೋಗಲಿಲ್ಲ.

"ಯಾಕ್ರೀ, ಸರ್ವರ್ ಡೌನಾ?" ಕಣ್ಣಂಚಿನಲ್ಲಿ ನೋಡುತ್ತಾ ಕೇಳಿದಳು.

"ಸರ್ವರ್ ಯಾವತ್ತೂ ಡೌನ್ ಆಗಿರ್ಲಿಲ್ಲ. ಇದು ಆಗೋದ್ರೆ ನೀವು ಫೋನ್ ಮಾಡಲ್ಲ ಅಂತ ಸುಳ್ಳು ಹೇಳ್ದೆ. ನಿಮಗೆ ತೊಂದ್ರೆ ಆಗ್ಬಹುದು ಅಂತ ಯೋಚ್ನೆನೇ ಮಾಡ್ಲಿಲ್ಲ, ತಪ್ಪಾಯ್ತು. ನೀವಂದ್ರೆ ನಂಗೆ ಇಷ್ಟ ಕೋಮಲಾ ಅವ್ರೇ." ಇಷ್ಟು ಹೇಳಿ, ಅವಳ ಉತ್ತರಕ್ಕೂ ಕಾಯದೆ ಅವನೇ ಬಟನ್ ಒತ್ತಿದ. ಪ್ರಿಂಟರು ಗರಗರ ಸದ್ದು ಮಾಡಿ ರಶೀದಿ ಕೊಟ್ಟಿತು.

ರುದ್ರಮೂರ್ತಿ ರಶೀದಿ ನೋಡಿ, ಇಬ್ಬರ ಸಹಿ ಪಡೆದು ಕೀಲಿ ಕೊಟ್ಟರು. ಕೋಮಲಾ ಬ್ಯಾಗ್ ಹೆಗಲಿಗೇರಿಸಿ ಸರಸರ ಹೊರಗೆ ನಡೆದಳು. ಎಲ್ಲ ಮುಗಿಯಿತು ಎಂದುಕೊಂಡ ಮೃತ್ಯುಂಜಯ.

"ಬಸ್‌ಸ್ಟ್ಯಾಂಡಿಗೆ ಬಿಡ್ಲಾ?" ಎಂದ, ಅವಳ ಮುಖ ನೋಡದೆ.

ಅವಳು ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕುಳಿತಳು.

"ಫೋನ್ ಮಾಡಿದಾಗೆಲ್ಲ ನಂಗೆ ಎದೆ ಹೊಡ್ಕೊಳ್ತಿತ್ತು ಕಣ್ರೀ," ಎಂದಳು ನಿಧಾನವಾಗಿ. "ಎಲ್ಲಿ ಆಯ್ತು ಅಂತ ಹೇಳ್ಬಿಡ್ತೀರೋ ಅಂತ. ನೀವು ಇಲ್ಲ ಅಂದ್ಮೇಲೇ ನಾನು ಸಮಾಧಾನವಾಗಿ ಕೂತ್ಕೊಂಡು ಮಾತಾಡ್ತಿದ್ದಿದ್ದು."

ಮೃತ್ಯುಂಜಯ ತಡಬಡಾಯಿಸಿ ಕೀಲಿ ತಿರುಗಿಸಿದ.

"ಬಸ್‌ಸ್ಟ್ಯಾಂಡ್ ಬೇಡ, ಕಡೂರಿಗೇ ನಡೀರಿ. ಅಪ್ಪ ಮನೇಲಿದಾರೆ. ಆಗ ನಂಗೆ ಹೇಳಿದ್ದನ್ನ ಅವ್ರ ಹತ್ರನೂ ಹೇಳಿ."