ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ

"ಟೀಚರ್ ಆದ್ರೇನ್ರಿ, ಡಿ.ಸಿ. ಆದ್ರೇನ್ರಿ... ಆಧಾರ್ ತೋರಿಸ್ರಿ. ಇಲ್ಲಾಂದ್ರ ರೊಕ್ಕ ಕೊಟ್ಟು ತಿಕೀಟು ತೊಗೋರಿ!"

ಆಲಮೇಲದಿಂದ ಸಿಂದಗಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಗದರಿದ. ಎಲ್ಲರ ಕಣ್ಣೂ ಭುವನೇಶ್ವರಿಯ ಮೇಲೆ!

ಅವಳ ಮುಖ ಕೆಂಪಾಯಿತು. ಸಿಂದಗಿಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವವಳು ಅವಳು. ಅಂಥವಳ ಮೊಬೈಲೇ ನಡುದಾರಿಯಲ್ಲಿ ಹ್ಯಾಂಗ್ ಆಗಿ ಕೂತಿತ್ತು. ಆಧಾರ್ ಕಾರ್ಡು ಅದರೊಳಗೇ ಇದೆ, ಪರದೆ ಮಾತ್ರ ಜಪ್ಪಯ್ಯ ಎಂದರೂ ಅಲುಗದು.

"ನಾನೇನು ಸುಳ್ಳು ಹೇಳಾಕತ್ತೇನೇನ್ರಿ? ಮೊಬೈಲ್ ಹ್ಯಾಂಗ್ ಆಗೈತಿ. ಸ್ವಲ್ಪ ತಡೀರಿ."

"ಚೆಕಿಂಗ್‌ನವರು ಹತ್ತಿದ್ರ ನನ್ನ ನೌಕರೀನೂ ಹ್ಯಾಂಗ್ ಆಗ್ತೈತ್ರಿ!"

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಗತ್ತಿನಿಂದ ಟಿಕೆಟ್ ಮಷೀನು ಎತ್ತಿ ಗುಂಡಿ ಒತ್ತಿದ. ಟಿಕೆಟ್ ಬರಲಿಲ್ಲ. ಮತ್ತೆ ಒತ್ತಿದ. ಅಂಗೈಗೆ ಬಡಿದು ನೋಡಿದ. ಊಹೂಂ!

ಈಗ ಭುವನೇಶ್ವರಿಯ ಸರದಿ.

"ಏನ್ರಿ ಕಂಡಕ್ಟರ್ರ, ನಿಮ್ಮದೂ ನಿಂತೈತೇನು?"

"ಇದರ ಮನಿ ಹಾಳಾಗ!" ಎಂದು ಅವನು ತಲೆ ಕೆರೆದುಕೊಂಡ.

"ಕೊಡ್ರಿ ಇಲ್ಲೆ. ಅದೂ ಒಂದು ಕಂಪ್ಯೂಟರೇ."

ಅವಳು ಮಷೀನು ಇಸಿದುಕೊಂಡು ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಳು. ಅದು ಆರಿ, ಮತ್ತೆ ಹೊತ್ತಿಕೊಂಡಿತು. ಅಷ್ಟರಲ್ಲಿ ಅವಳ ಮೊಬೈಲಿಗೂ ಜೀವ ಬಂತು. ಆಧಾರ್ ಕಾರ್ಡನ್ನು ಅವನ ಮೂಗಿನ ಮುಂದೆಯೇ ಹಿಡಿದಳು.

ಅವನು ಉಚಿತ ಟಿಕೆಟನ್ನು ಎರಡೂ ಕೈಯಿಂದ ಕೊಟ್ಟ. "ತಪ್ಪಾತ್ರಿ ಟೀಚರ್ರ," ಎಂದ. ಬಾಯಿ ಎಷ್ಟು ಒರಟೋ ಕಣ್ಣು ಅಷ್ಟೇ ನಗುತ್ತಿದ್ದವು. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿತ್ತು... ದುಂಡೇಶ.

ಜಗಳದಿಂದ ಶುರುವಾದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಿಮಗೆ ಗೊತ್ತು. ಪಾಪ, ಅವಳಿಗೆ ಗೊತ್ತಿರಲಿಲ್ಲ.

* * *

"ಕಂಪ್ಯೂಟರ್ ಅಂದ್ರ ಬರೇ ಈ ಟೇಬಲ್ ಮ್ಯಾಲಿನ ಡಬ್ಬಿ ಅಲ್ಲ," ಎಂದು ಭುವನೇಶ್ವರಿ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಳು. "ಚೀಲದಾಗ ಹಾಕ್ಕೊಂಡು ಹೋಗೂದು ಲ್ಯಾಪ್‌ಟಾಪ್. ಬೊಟ್ಟಿಲೆ ಒತ್ತೂದು ಟ್ಯಾಬ್. ನಿಮ್ಮ ಕಿಸೇದಾಗಿನ ಮೊಬೈಲೂ ಕಂಪ್ಯೂಟರೇ. ರೊಕ್ಕ ಕೊಡೋ ಎಟಿಎಂ, ನಿಂಬಿಕಾಯಿ ತೂಗೋ ಡಿಜಿಟಲ್ ಕಾಟಾ, ಮತ್ತ... ಬಸ್ಸಿನ್ಯಾಗ ತಿಕೀಟು ಕೊಡೋ ಮಷೀನು..."

ಪಕ್ಕದ ಟೇಬಲ್ಲಿನಲ್ಲಿ ಅರ್ಜಿ ಟೈಪು ಮಾಡುತ್ತಿದ್ದ ಶಕೀಲ ಕಿಸಕ್ಕನೆ ನಕ್ಕಳು. ಅವಳು ಅದೇ ಕೇಂದ್ರದ ಕೆಲಸಗಾತಿ, ಭುವನೇಶ್ವರಿಯ ಗೆಳತಿ.

"ಯಾವ ಪಾಠ ಶುರು ಮಾಡಿದ್ರೂ ತಿಕೀಟ್ ಮಷೀನಿಗೇ ಬಂದು ನಿಲ್ತೀಯಲ್ಲೇ!"

ತರಗತಿಯೆಲ್ಲ ಗೊಳ್ಳೆಂದಿತು. ಟೀಚರ್ ಮುಖ ತಿರುಗಿಸಿ ಬೋರ್ಡು ಒರೆಸಿದಳು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ!

ಒಂದು ದಿನ ಗಡಿಬಿಡಿಯಲ್ಲಿ ಕೇಂದ್ರದ ಲ್ಯಾಪ್‌ಟಾಪನ್ನು ಬಸ್ಸಿನಲ್ಲೇ ಬಿಟ್ಟಿಳಿದಳು. ನೆನಪಾದಾಗ ಬಸ್ಸು ಹೋಗಿಯಾಗಿತ್ತು. ಅಳು ಒತ್ತಿ ಬರುತ್ತಿದ್ದಂತೆ ಫೋನು ಬಂತು.

"ಟೀಚರ್ರ, ಗಾಬರಿ ಆಗಬ್ಯಾಡ್ರಿ. ಚೀಲದ ಮ್ಯಾಲೆ ನಿಮ್ಮ ನಂಬರ್ ಇತ್ತು. ನನ್ನ ಸೀಟಿನ ಬುಡಕ ಇಟ್ಟೇನಿ. ಸಂಜಿಗೆ ತೊಗೊಂಡು ಹೋಗ್ರಿ."

ಆ ನಂಬರನ್ನು ಅವಳು ಉಳಿಸಿಕೊಂಡಳು. ವಾಟ್ಸಾಪಿನಲ್ಲಿ ಖಾಕಿ ಸಮವಸ್ತ್ರದ ಅವನದೇ ಫೋಟೊ ಕಂಡಿತು. ಹೆದರುತ್ತಲೇ ಒಂದು ಧನ್ಯವಾದ ಬರೆದು ಕಳಿಸಿದಳು. ಗುರುತು ನೀಲಿಯಾಯಿತು. ಸ್ವಲ್ಪ ಹೊತ್ತಿಗೆ ಉತ್ತರ ಬಂತು... ಒಂದು ಗುಲಾಬಿ ಹೂವಿನ ಚಿತ್ರ!

'ಅಯ್ಯೋ! ಎದುರಿಗೆ ಅಷ್ಟು ಒರಟ... ಮೊಬೈಲಿನಲ್ಲಿ ಇಷ್ಟು ಮೆದುವೇ?'

ಅಂದಿನಿಂದ ದಿನಾ ಬೆಳಿಗ್ಗೆ ಅವಳದೊಂದು ಶುಭೋದಯ, ಆ ಕಡೆಯಿಂದ ಒಂದು ಗುಲಾಬಿ. ಬಸ್ಸಿನಲ್ಲಿ ಮಾತ್ರ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಅವಳು ನಾಚಿ ನಗುತ್ತಿದ್ದಳು. ಅವಳು ನಕ್ಕಳೆಂದು ಅವನೂ ನಗುತ್ತಿದ್ದ. ಡ್ಯೂಟಿಯಲ್ಲಿ ಅವನು ಫೋನು ಹೊರಗೆ ತೆಗೆದದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅದೂ ಅವಳಿಗೆ ಮೆಚ್ಚುಗೆಯೇ. ಮನಸ್ಸು ಸೋತ ಮೇಲೆ ಯಾವುದು ತಾನೇ ಮೆಚ್ಚುಗೆಯಾಗುವುದಿಲ್ಲ?

* * *

ಆ ವಾರ ಎರಡು ಸಂಗತಿ ಒಟ್ಟಿಗೇ ನಡೆದವು. ದುಂಡೇಶನ ರೂಟು ಬದಲಾಗಿ ಅವನು ಇಂಡಿ, ಹೊರ್ತಿ ಕಡೆಯ ಬಸ್ಸಿಗೆ ಹೋದ. ಮನೆಯಲ್ಲಿ ಅಪ್ಪ ಸಂಗಣ್ಣ ಮಗಳನ್ನು ಎದುರಿಗೆ ಕೂರಿಸಿಕೊಂಡ.

"ರವಿವಾರ ಮುದ್ದೇಬಿಹಾಳದವರು ನಿನ್ನ ನೋಡಾಕ ಬರ್ತಾರವಾ. ಹುಡುಗ ಚಲೋ ಅದಾನ, ನೌಕರಿ ಐತಿ. ನಿನ್ನ ಮನಸಿನಾಗ ಯಾರರ ಇದ್ರ ಶನಿವಾರದೊಳಗ ಹೇಳಿಬಿಡು. ಅವರು ಬಂದು ಹೋದ ಮ್ಯಾಲೆ ನನ್ನ ಮಾತು ನೆಲಕ್ಕ ಬೀಳಿಸಬ್ಯಾಡ."

ಏನೆಂದು ಹೇಳಲಿ? ಯಾರ ಹೆಸರು ಹೇಳಲಿ? ಆ ಯಾರೋ ಎಂಬುವವನು ಇನ್ನೂ ಒಂದು ಮಾತೂ ಆಡಿಲ್ಲವಲ್ಲ! ಹೂವಿನ ಚಿತ್ರ ತೋರಿಸಿ ಅಪ್ಪನನ್ನು ಒಪ್ಪಿಸಲು ಆಗುತ್ತದೆಯೇ?

ಅವಳು ಮಾಳಿಗೆ ಏರಿ, ಮೊಬೈಲನ್ನು ಬಾಯಿಗೆ ಹತ್ತಿರ ಹಿಡಿದಳು. ಮಾತಾಡಿ ಅಳಿಸಿದಳು, ಮತ್ತೆ ಮಾತಾಡಿ ಮತ್ತೆ ಅಳಿಸಿದಳು. ಕೊನೆಗೆ ಕಣ್ಣು ಮುಚ್ಚಿ ಹೇಳಿಯೇಬಿಟ್ಟಳು.

"ದುಂಡೇಶ ಅವ್ರ... ನಾನು ಭುವನೇಶ್ವರಿ. ನೀವಿಲ್ಲದ ಬಸ್ ನನಗ ಸೇರವಲ್ದು. ರವಿವಾರ ನನ್ನ ನೋಡಾಕ ಬರಾಕತ್ತಾರ. ನನ್ನ ಮನಸಿನಾಗ ನೀವದೀರಿ... ನಿಮ್ಮ ಮನಸಿನಾಗ ನಾನದೇನೋ ಇಲ್ಲೋ, ಶನಿವಾರದೊಳಗ ಒಂದು ಮಾತು ಹೇಳ್ರಿ."

ಕಳಿಸಿದಳು. ಗುರುತು ನೀಲಿಯಾಯಿತು. ಮೈಕಿನ ಚಿತ್ರವೂ ನೀಲಿಯಾಯಿತು.

ಕೇಳಿದ! ಅವನು ಕೇಳಿದ!

ಅವಳು ಪರದೆಯನ್ನೇ ನೋಡುತ್ತ ಕಾದಳು. ಉತ್ತರ ಬರಲಿಲ್ಲ. ಗುಲಾಬಿಯೂ ಬರಲಿಲ್ಲ.

ಆಮೇಲಿನ ಅವಳ ಪಾಡು ಯಾರಿಗೂ ಬೇಡ. ಕಾಲು ಸುಟ್ಟ ಬೆಕ್ಕಿನಂತೆ ಅಡುಗೆಮನೆಗೂ ಚಾರ್ಜಿಂಗ್ ಪಾಯಿಂಟಿಗೂ ಓಡಾಡಿದಳು. ರೊಟ್ಟಿ ಹಂಚಿನ ಮೇಲೆ ಕರಕಾಯಿತು. ತರಗತಿಯಲ್ಲಿ ಕೀಬೋರ್ಡು ತೋರಿಸಿ ಮೌಸ್ ಎಂದಳು. ಮೊಬೈಲು ಟುಣ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ನೋಡಿದರೆ ಯಾವುದೋ ರಿಚಾರ್ಜ್ ಕಂಪನಿಯ ಸಂದೇಶ!

"ಒಂದು ಫೋನ್ ಮಾಡಿ ಕೇಳಬಾರದೇನ?" ಎಂದಳು ಶಕೀಲ.

"ಕೇಳಿಸ್ಕೊಂಡು ಸುಮ್ನ ಕುಂತವರಿಗೆ ಫೋನ್ ಬ್ಯಾರೆ ಮಾಡ್ಲೇನ? ನನಗ ಮಾನ ಇಲ್ಲೇನ?"

ಹಾಗೆಂದವಳೇ ಮರುಕ್ಷಣ ಮೊಬೈಲು ನೋಡಿದಳು.

* * *

ಶನಿವಾರ ಬೆಳಿಗ್ಗೆ ಸಿಂದಗಿ ಬಸ್ ನಿಲ್ದಾಣದಲ್ಲಿ ಇಳಿದರೆ, ಇಂಡಿ ಬಸ್ಸಿನ ಬಾಗಿಲಲ್ಲಿ ಅವನೇ ನಿಂತಿದ್ದ! ಅವಳನ್ನು ಕಂಡದ್ದೇ ಅವನ ಮುಖ ಅರಳಿತು.

"ಆರಾಮ್ರಿ ಟೀಚರ್ರ? ಭಾಳ ದಿನ ಆತಲ್ರಿ ನೋಡಿ!"

ಏನೂ ಆಗಿಲ್ಲವೆಂಬಂತೆ! ಅವಳಿಗೆ ಮೈಯೆಲ್ಲ ಉರಿಯಿತು.

"ನಗಾಕ ಹ್ಯಾಂಗ ಮನಸು ಬರ್ತೈತ್ರಿ ನಿಮಗ?"

"ನಾ ಏನ್ ಮಾಡಿದ್ನಿರಿ?"

"ಏನೂ ಮಾಡ್ಲಿಲ್ಲ. ಅದ ತಪ್ಪು! ನಾಳೆ ಮುದ್ದೇಬಿಹಾಳದಿಂದ ನನ್ನ ನೋಡಾಕ ಬರ್ತಾರ."

ಅವನ ನಗು ಅಲ್ಲಿಗೇ ಇಂಗಿತು. ಬಾಗಿಲಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡ. "ಹೌದ್ರಿ? ...ಚಲೋ ಆತಲ್ರಿ," ಎಂದ.

ಚಲೋ ಆಯಿತಂತೆ! ಅವಳ ಕಣ್ಣು ತುಂಬಿದವು. ಡ್ರೈವರ್ ಹಾರ್ನ್ ಹೊಡೆದ, ಬಸ್ಸು ಹೊರಟುಹೋಯಿತು.

'ಮುಗಿಯಿತು. ಸಂಜೆ ಅಪ್ಪನಿಗೆ ಹೂಂ ಅಂದುಬಿಡುತ್ತೇನೆ...'

* * *

ಮಧ್ಯಾಹ್ನ ತರಗತಿಯ ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು ಬಂದು ನಿಂತಳು. ಇಳಕಲ್ ಸೀರೆ, ಕಂಕುಳಲ್ಲಿ ಕೈಚೀಲ. ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ ಟ್ಯಾಬನ್ನು ಹೊರಗೆ ತೆಗೆದಳು.

"ರಿಪೇರಿ ಇಲ್ಲಿ ಮಾಡಂಗಿಲ್ಲರೀ ಅಮ್ಮಾರ," ಎಂದಳು ಶಕೀಲ.

"ರಿಪೇರಿಗೆ ಬಂದಿಲ್ಲವಾ. ಇದರಾಗ ಮಾತಾಡಿದಾಕಿ ಯಾರು ಅಂತ ಕೇಳಾಕ ಬಂದೇನಿ."

ಎಂದವಳೇ ಬೆರಳಿಂದ ಒತ್ತಿದಳು. ಇಡೀ ತರಗತಿಗೆ ಕೇಳುವಂತೆ ಟ್ಯಾಬು ಮಾತಾಡಿತು.

"ದುಂಡೇಶ ಅವ್ರ... ನಾನು ಭುವನೇಶ್ವರಿ. ನೀವಿಲ್ಲದ ಬಸ್ ನನಗ ಸೇರವಲ್ದು..."

ಭೂಮಿ ಬಾಯಿ ಬಿಡಬಾರದೇ! ಭುವನೇಶ್ವರಿ ಓಡಿಬಂದು ಅದನ್ನು ನಿಲ್ಲಿಸಿದಳು. ವಿದ್ಯಾರ್ಥಿಗಳು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು.

"ನೀನ ಏನವಾ ಆಕಿ?" ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾನು ರೇವವ್ವ. ದುಂಡೇಶನ ತಾಯಿ."

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತರು.

"ಅವರ ವಾಟ್ಸಾಪು... ನಿಮ್ಮ ಹತ್ರ ಹ್ಯಾಂಗ ಬಂತ್ರಿ?"

"ಮಗಳ ಸಾಲಿ ಸಂಬಂಧ ತಂದ ಟ್ಯಾಬಿದು. ಅವನ ನಂಬರ್ ಹಾಕಿ, ಅವನ ಫೋಟೋನೂ ಆಕೀನ ಹಚ್ಚಿದ್ಳು. ಆಕಿ ಲಗ್ನ ಆಗಿ ಬಸವನ ಬಾಗೇವಾಡಿಗೆ ಹೋದ್ಳು. ವಿಡಿಯೋದಾಗ ಆಕಿ ಮಾರಿ ನೋಡಾಕ ನಾ ಇಟ್ಕೊಂಡೇನಿ. ದುಂಡೇಶನ ಹಂತ್ಯಾಕ ಬರೇ ಗುಂಡಿ ಫೋನು. ದಿನಾ ಚಾರ್ಜ್ ಮಾಡೂದು ಯಾರಿಗೆ ಬೇಕು ಅಂತಾನ."

ಭುವನೇಶ್ವರಿ ಹಣೆ ಒತ್ತಿಕೊಂಡಳು. ಸಿಮ್ ಒಂದರಲ್ಲಿದ್ದರೆ ವಾಟ್ಸಾಪು ಇನ್ನೊಂದರಲ್ಲಿ ಇರಬಹುದು, ಒಮ್ಮೆ ಒಟಿಪಿ ಕೊಟ್ಟರೆ ಮುಗಿಯಿತು ಎಂದು ಊರ ಮಕ್ಕಳಿಗೆಲ್ಲ ಕಲಿಸಿದವಳು ಅವಳೇ. ದೀಪದ ಬುಡದಲ್ಲೇ ಕತ್ತಲು!

"ಹಂಗಾದ್ರ ಆ ಗುಲಾಬಿ ಹೂವು...?"

"ನಾನ ಕಳಿಸಿದ್ದವಾ. ಓದೂದು ಬರಂಗಿಲ್ಲ ನನಗ. ಹಸಿರು ಚುಕ್ಕಿ ಕಂಡ್ರ ಒತ್ತಿಬಿಡ್ತೇನಿ. ಯಾರು ಏನ ಕಳಿಸಿದ್ರೂ ಒಂದು ಹೂವು ಕಳಿಸು ಅಂತ ಮಗಳು ಹೇಳಿ ಹೋಗ್ಯಾಳ." ರೇವವ್ವ ಅವಳ ಕೈ ಹಿಡಿದುಕೊಂಡಳು. "ನಿನ್ನ ದನಿ ಕೇಳಿದ ದಿನ ಹೂವು ಕಳಿಸಾಕ ಕೈ ಬರಲಿಲ್ಲ. ಇದಕ್ಕ ಹೂವು ಸಾಲಂಗಿಲ್ಲ ಅನಿಸ್ತು."

"ಅವರಿಗೆ... ಹೇಳಿದ್ರೇನ್ರಿ?"

"ಹೆದರಿಕಿ ಆತು ತಂಗಿ. ಉಣ್ಣಾಕ ಕುಂತಾಗೆಲ್ಲ ಸಿಂದಗಿ ಕಂಪ್ಯೂಟರ್ ಟೀಚರ್ ಹಂಗಂದ್ರು, ಟೀಚರ್ ಹಿಂಗಂದ್ರು ಅಂತಾನ. ಕಲ್ತಾಕಿ ಚ್ಯಾಷ್ಟಿಗೆ ಅಂದಿದ್ರ ನನ್ನ ಮಗ ಒಡದು ಹೋಗ್ತಾನ. ಅದಕ್ಕ ನಿನ್ನ ಮಾರಿ ನೋಡಿ ಕೇಳೂಣಂತ ಬಂದೆ. ಖರೇ ಹೇಳು... ಅದು ಮನಸಿನ ಮಾತ ಏನು?"

ಭುವನೇಶ್ವರಿಯ ಕಣ್ಣೀರು ಧಾರಾಕಾರವಾಗಿ ಇಳಿಯಿತು. ಅಳುತ್ತಲೇ ನಕ್ಕಳು. ನಗುತ್ತಲೇ ಮನೆಗೆ ಫೋನು ಹಚ್ಚಿದಳು.

"ಅಪ್ಪಾ... ಮುದ್ದೇಬಿಹಾಳದವರಿಗೆ ಬರಬ್ಯಾಡ್ರಿ ಅಂತ ಹೇಳ್ರಿ. ನನ್ನ ಮನಸಿನಾಗ ಬ್ಯಾರೆಯವರದಾರ. ಸಂಜಿಗೆ ಅವರ ಅವ್ವನ್ನ ಕರ್ಕೊಂಡು ಬರ್ತೇನಿ."

ಆ ಕಡೆ ಸಂಗಣ್ಣ ಕೆಮ್ಮಿದ.

"ಹುಡುಗ ಬರ್ತಾನೋ ಇಲ್ಲೋ? ಎಷ್ಟು ಮಂದಿಗೆ ಅಡಗಿ ಮಾಡಸಲಿ?"

* * *

ಸಂಜೆ ಡ್ಯೂಟಿ ಮುಗಿಸಿ ಇಳಿದ ದುಂಡೇಶ ತಾಯಿಯನ್ನೂ ಟೀಚರನ್ನೂ ಒಟ್ಟಿಗೆ ಕಂಡು ಬೆಚ್ಚಿಬಿದ್ದ. ಒಂದೇ ದಿನದಲ್ಲಿ ಮುಖ ಬಾಡಿಹೋಗಿತ್ತು.

"ಯವ್ವಾ... ನೀ ಇಲ್ಲಿ ಹ್ಯಾಂಗ?"

"ಮೊದ್ಲ ಇದನ್ನ ಕೇಳು," ಎಂದು ರೇವವ್ವ ಟ್ಯಾಬು ಎತ್ತಿದಳು.

ಭುವನೇಶ್ವರಿ ಅದರ ಮೇಲೆ ಕೈ ಇಟ್ಟಳು. "ಬ್ಯಾಡ ಅತ್ತಿ... ನಾನ ಹೇಳ್ತೇನಿ."

ಅತ್ತಿ ಎಂದದ್ದೇ ತಡ, ರೇವವ್ವನ ಮುಖವೆಲ್ಲ ನಗುವಾಯಿತು. ಏನೂ ಕೇಳಿಸದವಳಂತೆ ಆಲಮೇಲದ ಬೋರ್ಡಿದ್ದ ಬಸ್ಸಿನ ಕಡೆ ನಡೆದಳು.

ನಿಲ್ದಾಣದ ಗದ್ದಲದ ನಡುವೆ ಭುವನೇಶ್ವರಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನನಗ ನೀವ ಬೇಕ್ರಿ. ದನಿ ರೆಕಾರ್ಡ್ ಮಾಡಿ ಕಳಿಸಿದ್ದೆ, ನಿಮ್ಮವ್ವ ಕೇಳ್ಯಾರ. ಕೇಳಿಯೂ ಸುಮ್ಮನಾದವರು ನೀವು ಅಂದ್ಕೊಂಡು ಮುಂಜಾನಿ ಬೈದೆ... ತಪ್ಪಾತು."

"ಮತ್ತ ನಾಳೆ ಬರೋ ಆ ಹುಡುಗ?"

"ಒಲ್ಲೆ ಅಂತ ಹೇಳೇನಿ."

"ನಾ ಏನಂತೇನಿ ಅಂತ ಕೇಳದನ?"

"ನೀವು ಒಲ್ಲೆ ಅಂದ್ರೂ ಅವರಿಗೆ ಹೂಂ ಅನ್ನೂದು ನನ್ನ ಕೈಲೆ ಆಗ್ತಿರಲಿಲ್ಲ."

ದುಂಡೇಶ ಅವಳ ಹತ್ತಿರ ಬಂದ. "ಮುಂಜಾನಿಯಿಂದ ಯಾರಿಗೆ ಯಾವ ಊರಿನ ತಿಕೀಟು ಕೊಟ್ಟೇನೋ ನೆನಪಿಲ್ರಿ. ಕಂಪ್ಯೂಟರ್ ಟೀಚರ್ ಎಲ್ಲಿ, ನಾನೆಲ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ. ನಾನು ನಿಮ್ಮನ್ನ ಒಲ್ಲೆ ಅಂತೇನೇನ್ರಿ... ಹುಚ್ಚಿ!"

ಬಸ್ಸು ಹೊರಟಿತು. ರೇವವ್ವ ಮುಂದಿನ ಸೀಟಿನಲ್ಲಿ ಕೂತು, ಬರದ ನಿದ್ದೆಯನ್ನು ಎಳೆದುಕೊಂಡು ಕಣ್ಣು ಮುಚ್ಚಿದ್ದಳು. ಹಿಂದಿನ ಸೀಟಿನಲ್ಲಿ ದುಂಡೇಶ ಭುವನೇಶ್ವರಿಯ ಕಡೆ ಬಾಗಿದ.

"ಇನ್ನೊಮ್ಮೆ ಹೇಳ್ರಿ."

"ಈಗರ ಹೇಳೇನಲ್ರಿ!"

"ನಮ್ಮವ್ವ ಮತ್ತ ಮತ್ತ ಕೇಳ್ಯಾಳ. ನಾ ಒಂದ ಸಲ ಕೇಳೇನಿ."

ಅವಳು ಸುತ್ತ ನೋಡಿದಳು. ಸೆರಗಿನ ಮರೆಯಲ್ಲಿ ಅವನ ಬೆರಳು ಹಿಡಿದು, ಅವನೊಬ್ಬನಿಗೇ ಕೇಳುವಂತೆ ಮತ್ತೊಮ್ಮೆ ಹೇಳಿದಳು.