ಹೆಬ್ಬೆರಳ ಗೀರು

ಸೋಮವಾರ ಬೆಳಿಗ್ಗೆ ಹೊಳಗುಂದ ಠಾಣೆಗೆ ಲಿಂಗಕ್ಕ ದೂರು ತಂದಳು. ತೀರಿಕೊಂಡ ತಾಯಿಯ ಚಿನ್ನದ ಬೋರಮಾಳ ಸರ ಟ್ರಂಕಿನಿಂದ ಕಳುವಾಗಿತ್ತು. ಎಫ್‌ಐಆರ್ ದಾಖಲಾಯಿತು. ಪಂಚನಾಮೆಯಲ್ಲಿ ಟ್ರಂಕಿನ ಮುಚ್ಚಳದ ಮೇಲೆ ಮನೆಯವರದಲ್ಲದ ಒಂದು ಹೆಬ್ಬೆರಳ ಗುರುತು ಸಿಕ್ಕಿತು. ಅದು ಆದೋನಿಯಲ್ಲಿದ್ದ ಬೆರಳಚ್ಚು ಪರಿಣತೆ ನಾಗಜ್ಯೋತಿಯ ಮೇಜಿಗೆ ಹೋಯಿತು.

ಬುಧವಾರ ವರದಿ ಬಂತು. ಗುರುತು ಹೊನ್ನೂರಪ್ಪನದು. ಕುರಿ ಉಣ್ಣೆ ಕತ್ತರಿಸುವ ಅವನ ಬೆರಳಚ್ಚು ಹಳೆಯ ಹೊಡೆದಾಟದ ಕೇಸಿನಿಂದ ಕಡತದಲ್ಲಿತ್ತು. ಎಸ್‌ಐ ಚಂದ್ರಣ್ಣ ಅವನನ್ನು ಕರೆತಂದರು. ಮರುದಿನ ಕೋರ್ಟಿಗೆ ಹಾಜರುಪಡಿಸಬೇಕು, ಆಮೇಲೆ ಜೈಲು.

"ಸರ ಎಲ್ಲಿ?"

"ಆಕಿ ಮನಿ ಹೊಸ್ತಿಲಾನ ತುಳಿದಿಲ್ರಿ. ಹ್ವಾದವಾರೆಲ್ಲಾ ಉರುಕುಂದದಾಗ ಉಣ್ಣಿ ಕತ್ತರಸಾಕ ಹತ್ತಿದ್ದೆ. ಕೇಳ್ರಿ ಬೇಕಾರ."

ಕೇಳಿದರು. ನಾಲ್ವರು ಹೌದೆಂದರು. ಬೆರಳಚ್ಚು ಸುಳ್ಳು ಹೇಳುವುದಿಲ್ಲ, ಸರಿ. ನೋಡುವ ಕಣ್ಣಿಗೆ ನಿದ್ದೆ ಬೇಡವೇ? ಚಂದ್ರಣ್ಣ ಆದೋನಿಗೆ ಹೋದರು.

ಜಾತ್ರೆಯ ಜೇಬುಗಳ್ಳರ ಬೆರಳಚ್ಚುಗಳು ನಾಗಜ್ಯೋತಿಯ ಮುಂದೆ ರಾಶಿ ಬಿದ್ದಿದ್ದವು. ವಾರದಿಂದ ಆಕೆಗೆ ರಜೆಯಿಲ್ಲ. ಕಣ್ಣು ಕೆಂಪಗಿದ್ದವು.

"ಟ್ರಂಕಿನ ಗುರುತು, ಹೊನ್ನೂರಪ್ಪಂದು, ಎರಡರಾಗೂ ಅಡ್ಡ ಗೀರು ಐತಿ ಸಾರ್."

"ಉಳಿದ ಗೆರಿ?"

ಆಕೆ ಮತ್ತೆ ಭೂತಗನ್ನಡಿ ಹಿಡಿದು, ಇಳಿಸಿದಳು. "ಲೇದು ಸಾರ್, ಇಲ್ಲ. ಗೀರು ಕಂಡ ಮ್ಯಾಲ ಉಳಿದದ್ದು ನೋಡಲಿಲ್ಲ."

"ತಾಳಿ ನೋಡಿ ಸಹಿ ಹಾಕೋ ಎರಡನೇ ಪರಿಣತರು?"

"ನನ್ನ ಸಹಿ ನೋಡಿ ಸಹಿ ಹಾಕಿದ್ರು."

ಚಂದ್ರಣ್ಣನಿಗೆ ಸಿಟ್ಟು ಬಂತು. ಬಯ್ಯಲಿಲ್ಲ. "ಮನಿಗೆ ಹೋಗಿ ಮಲಗಮ್ಮ. ಬೆಳಿಗ್ಗೆ ಇಬ್ರೂ ಬ್ಯಾರೆ ಬ್ಯಾರೆ ಕುಂತು ನೋಡ್ರಿ. ಗುರುತು ಯಾರದಂತ ಒಬ್ಬರಿಗೊಬ್ರು ಹೆಸರು ಹೇಳಬ್ಯಾಡ್ರಿ."

ಬೆಳಿಗ್ಗೆ ಇಬ್ಬರೂ ಎರಡು ಗುರುತು ಒಂದೇ ಅಲ್ಲವೆಂದರು. ಹೊನ್ನೂರಪ್ಪನನ್ನು ಬಿಟ್ಟರು. ಹೋಗುವಾಗ ಅವನು ಹೆಬ್ಬೆರಳು ತೋರಿಸಿದ. "ಕತ್ತರಿ ಹಿಡಿಯೋರಿಗೆಲ್ಲಾ ಈ ಗೀರು ಇರತೈತ್ರಿ. ಎಲ್ಲಾರನೂ ಹಿಡಿತೀರೇನು?"

ಚಂದ್ರಣ್ಣ ನೇರ ಲಿಂಗಕ್ಕನ ಮನೆಗೆ ಹೋದರು. "ನಿಮ್ಮನಿಗೆ ಬಂದೋರಾಗ ಉಣ್ಣಿ ಕತ್ತರಸೋರು ಯಾರದಾರ?"

"ನನ್ನ ತಮ್ಮ ಸುಂಕೇಶ. ಹ್ವಾದವಾರ ಬಂದು ಉಂಡು ಹೋದ. ಮನಿ ಮಗ ಅಂತ ಹೆಸರು ಹೇಳಲಿಲ್ರಿ."

ಸುಂಕೇಶನ ಬೆರಳಚ್ಚನ್ನು ಇಬ್ಬರೂ ಬೇರೆ ಬೇರೆ ನೋಡಿದರು. ಕೂಡಿತು. ಸರ ಅವನ ಕಂಬಳಿಯ ಗಂಟಿನಲ್ಲಿತ್ತು. ಬಂಧಿಸಿದರು.

"ಮಾರಲಿಲ್ಲ ಯಾಕ?"

"ಮಾರಾಕ ಒಯ್ದಿಲ್ರಿ. ಅವ್ವ ಸತ್ತಾಗ ಕುರಿ ಹಿಂದ ದೂರ ಇದ್ದೆ. ಅಕ್ಕ ಹೇಳಿ ಕಳಿಸಲಿಲ್ಲ. ಬಂದಾಗ ಮಣ್ಣು ಆಗಿತ್ತು. ಅವ್ವನ ಕೊಳ್ಳಾಗಿಂದು ಒಂದರ ನನ್ನ ಹಂತೇಕ ಇರಲಿ ಅಂದೆ."

ಚಂದ್ರಣ್ಣ ಹೇಳಿಕೆಯನ್ನು ಹಾಗೆಯೇ ಬರೆಸಿದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಲಿಂಗಕ್ಕ ದೂರು ವಾಪಸ್ ಕೊಡಿರೆಂದಳು. ಎಫ್‌ಐಆರ್ ಆದ ಮೇಲೆ ಠಾಣೆಯಲ್ಲಿ ದೂರು ವಾಪಸ್ ಕೊಡಲು ಬರುವುದಿಲ್ಲವೆಂದು ತಿಳಿಸಲಾಯಿತು.