ಕರಿತಲೆ ದಿಬ್ಬದ ಕೂಗು

"ಉಯಾಂಗಾ ಮೇಡಂ ಅಂದ್ರೆ ನೀವೇನಾ?"

ಸೈನ್‌ಶಾಂಡ್ ರೈಲು ನಿಲ್ದಾಣದ ಹೊರಗೆ ಧೂಳು ಮೆತ್ತಿದ ಜೀಪಿಗೆ ಒರಗಿ ನಿಂತಿದ್ದವನು ಕೇಳಿದ. ಅವಳ ಹೆಸರು ಹೇಳುವಾಗ ಅವನ ದನಿ ಯಾಕೋ ತಡವರಿಸಿತು.

"ಹೌದು. ನೀವು?"

ಅವಳ ಪೆಟ್ಟಿಗೆ ಎತ್ತಿಕೊಳ್ಳಲು ಎಡಗೈ ಚಾಚಿದ. ಆ ಕೈಯಲ್ಲಿ ಕಿರುಬೆರಳೂ ಇರಲಿಲ್ಲ, ಅದರ ಪಕ್ಕದ ಬೆರಳೂ ಇರಲಿಲ್ಲ.

"ಹೆಸರು ಕೇಳಿದೆ ನಾನು."

"ಬಿಲ್ಗೂನ್."

ಉಯಾಂಗಾ ಪೆಟ್ಟಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು. ಇವನೇ... ಇವನೇ ಅವನು!

"ಬೇರೆ ಜೀಪು ಇಲ್ವಾ ಈ ಊರಲ್ಲಿ?"

"ಜೀಪು ಬೇಕಾದಷ್ಟಿವೆ ಮೇಡಂ. ಕರಿತಲೆ ದಿಬ್ಬಕ್ಕೆ ಅಂದ್ರೆ ಯಾರೂ ಬರಲ್ಲ."

ಅವನ ಮುಖ ನೋಡದೆ ಅವಳು ಹಿಂದಿನ ಸೀಟಿನಲ್ಲಿ ಕುಳಿತಳು. ಗೋಬಿ ಮರುಭೂಮಿಯ ಬಯಲು ಕಿಟಕಿಯಾಚೆ ಓಡತೊಡಗಿತು.

ಉಯಾಂಗಾ ರಾಜಧಾನಿ ಉಲಾನ್‌ಬಾತರ್‌ನ ಸಲಹಾ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ತನ್ನ ನಾಡಿನಂಥ ದೇಶಗಳಲ್ಲಿ ಗಾಳಿ, ಬಿಸಿಲಿನಿಂದ ವಿದ್ಯುತ್ ತೆಗೆಯಲು ಹಣ ಹೂಡುವೆವೆನ್ನುವ ಹೊರನಾಡಿನವರಿಗೆ ಜಾಗ ತೋರಿಸುವುದು, ಅಲ್ಲಿನ ಜನರ ಒಪ್ಪಿಗೆ ಕೇಳುವುದು, ಎರಡೂ ಕಡೆಯವರಿಗೆ ಸತ್ಯ ಹೇಳುವುದು ಅವಳ ಕೆಲಸ. ಚಳಿಗಾಲ ಬಂತೆಂದರೆ ಕಲ್ಲಿದ್ದಲ ಹೊಗೆಯಲ್ಲಿ ಎದುರಿನ ಮನೆ ಕಾಣದ ಊರು ಅವಳದು. ಅವಳ ಅಕ್ಕನ ಮಗು ಮಾತು ಕಲಿಯುವ ಮೊದಲೇ ಕೆಮ್ಮು ಕಲಿತಿತ್ತು.

ಕರಿತಲೆ ದಿಬ್ಬದ ಗಾಳಿಯನ್ನು ಮೊದಲು ಅಳೆಯಲು ಬಂದವನು ಚೊಗ್ತ್. ಇಂಜಿನಿಯರ್. ಸದಾ ನಗುವವನು. ಆ ಶರತ್ಕಾಲದಲ್ಲಿ ಉಯಾಂಗಾಳನ್ನು ಮದುವೆಯಾಗಬೇಕಿದ್ದವನು.

ಮದುವೆಗೆ ಮುಂಚಿನ ವಸಂತದಲ್ಲಿ, ಹಿಮ ಬೆರೆತ ಧೂಳಿನ ಬಿರುಗಾಳಿಯಲ್ಲಿ, ಅವನು ಅಳತೆ ಕಂಬದ ಬಳಿ ಹೆಪ್ಪುಗಟ್ಟಿ ಸತ್ತ. 'ಚಾಲಕ ಬಿಲ್ಗೂನ್ ಆತನನ್ನು ದಿಬ್ಬದಲ್ಲೇ ಬಿಟ್ಟು ಹೊರಟುಹೋದ' ಎಂದು ಅವನ ಕಂಪನಿ ತಿಳಿಸಿತ್ತು. ಆ ಹೆಸರನ್ನು ದ್ವೇಷಿಸಿಯೇ ಉಯಾಂಗಾ ಎರಡು ಚಳಿಗಾಲ ಕಳೆದಿದ್ದಳು.

ನಿಂತುಹೋದ ಆ ಗಾಳಿ ವಿದ್ಯುತ್ ಯೋಜನೆಗೆ ಮತ್ತೆ ಜೀವ ಕೊಟ್ಟವಳೂ ಅವಳೇ. ಟೋಕಿಯೋದ ಹೂಡಿಕೆದಾರರ ಪರವಾಗಿ ಹಯಾಕಾವಾ ಎಂಬ ಹಿರಿಯ ಮಹಿಳೆ ಮರುದಿನ ಬರುವವರಿದ್ದರು. ಅಷ್ಟರಲ್ಲಿ ದಿಬ್ಬದ ಸುತ್ತಲಿನ ಕುರಿಗಾಹಿಗಳನ್ನು ಒಪ್ಪಿಸಬೇಕಿತ್ತು.

ಅವರು ಒಪ್ಪಲಿಲ್ಲ.

"ಗಾಳಿ ನಿಮ್ಮದಲ್ಲ, ನಮ್ಮದೂ ಅಲ್ಲ. ತಗೊಂಡು ಹೋಗಿ, ಯಾರು ಬೇಡ ಅಂದ್ರು?" ಎಂದ ಮುದುಕ ಗೊಂಚಿಗ್, ನಶ್ಯದ ಬುಡ್ಡಿ ಮುಚ್ಚುತ್ತಾ. "ಆದ್ರೆ ಆ ದಿಬ್ಬ ಮುಟ್ಟಬೇಡಿ. ಅಲ್ಲಿ ಒಬ್ಬ ಕೂಗ್ತಾನೆ."

"ಯಾರು ತಾತ?"

"ಯಾರು ಅಂತ ಹೇಳೋ ಹಾಗಿಲ್ಲ ಮಗಳೇ. ಹೋದವರ ಹೆಸರು ಬಾಯಲ್ಲಿ ತರಬಾರದು. ಗಾಳಿ ಎದ್ದಾಗೆಲ್ಲ ಕೂಗ್ತಾನೆ. ನನ್ನ ಮೇಕೆಗಳೂ ಆ ಕಡೆ ಮುಖ ಹಾಕಲ್ಲ."

ದೆವ್ವಭೂತ ನಂಬುವವಳಲ್ಲ ಅವಳು. ಆದರೂ... ಇಲ್ಲಿಯೇ ಇದ್ದಾನಾ? ನನ್ನನ್ನೇ ಕರೀತಾನಾ?

ಅಂದು ಮಧ್ಯಾಹ್ನ ಅವಳು ಉಳಿದುಕೊಂಡಿದ್ದು ದಿಬ್ಬದ ಬುಡದಲ್ಲಿದ್ದ ಬಿಲ್ಗೂನ್‌ನ ತಾಯಿ ದುಲ್ಮಾಳ ಗೆರ್‌ನಲ್ಲಿ, ಕಂಬಳಿ ಹೊದಿಸಿದ ದುಂಡು ಗುಡಾರದಲ್ಲಿ. ಹತ್ತಿರದಲ್ಲಿ ಬೇರೆ ಮನೆಯೇ ಇರಲಿಲ್ಲ. ಮುದುಕಿ ಉಪ್ಪು ಹಾಕಿದ ಹಾಲಿನ ಚಹಾ ಬಟ್ಟಲಿಗೆ ಸುರಿಯುತ್ತಿದ್ದಾಗ ಗೋಡೆಯ ಕಂಬಳಿ ಉಬ್ಬಿತು. ಗಾಳಿ ಎದ್ದಿತ್ತು.

ಬಿಲ್ಗೂನ್ ತಟ್ಟನೆ ಮೇಲೆದ್ದ. "ಕುದುರೆ ನೋಡಿ ಬರ್ತೀನಮ್ಮಾ."

"ಕುದುರೆಗೇನಾಗಿದೆಯೋ? ಕೂತ್ಕೋ!"

ಅವನು ಆಗಲೇ ಹೊರಗಿದ್ದ.

ಹೊರಗೆ ಬಯಲು ಹಳದಿಯಾಯಿತು. ಮೇಲಿನ ಕಿಂಡಿಯ ಹಗ್ಗ ಪಟಪಟ ಬಡಿಯಿತು. ಆಮೇಲೆ... ದಿಬ್ಬದ ಕಡೆಯಿಂದ ಒಂದು ದನಿ. ಉದ್ದಕ್ಕೆ ಎಳೆದ, ಒಡೆದ ದನಿ.

ದುಲ್ಮಾಳ ಸೌಟು ಅಲ್ಲೇ ನಿಂತಿತು. "ಕೇಳಿಸ್ಕೋಬೇಡ ಮಗಳೇ. ಗಾಳಿ ಅದು."

"ಗಾಳಿ ಅಲ್ಲ ಅಮ್ಮಾ..."

ಮತ್ತೆ ಬಂತು. ಈ ಸಲ ಸ್ಪಷ್ಟವಾಗಿ.

"ಚೊಗ್ತ್!"

ಸತ್ತವನು ತನ್ನ ಹೆಸರನ್ನು ತಾನೇ ಯಾಕೆ ಕೂಗುತ್ತಾನೆ? ಕೂಗುತ್ತಿರುವವನು ಸತ್ತವನಲ್ಲ. ಸತ್ತವನನ್ನು ಹುಡುಕುತ್ತಿರುವವನು!

"ಎಲ್ಲಿಗೆ? ಹುಚ್ಚೀ, ಹೋಗಬೇಡ!" ದುಲ್ಮಾ ಕೂಗಿದಳು.

ಉಯಾಂಗಾ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಹೊರಬಿದ್ದಿದ್ದಳು. ದಿಬ್ಬದ ಏರು ಇನ್ನೂ ಮಸುಕಾಗಿ ಕಾಣುತ್ತಿತ್ತು. ಮರಳು ಕೆನ್ನೆಗೆ ಸೂಜಿಯಂತೆ ಚುಚ್ಚಿತು. ಕೂಗು ಬಂದ ಕಡೆಗೆ ನಡೆದಳು, ಬಿದ್ದಳು, ಎದ್ದು ಮತ್ತೆ ನಡೆದಳು.

ಅಳತೆ ಕಂಬದ ಬುಡದಲ್ಲಿ ಬಿಲ್ಗೂನ್ ನಿಂತಿದ್ದ. ಎರಡೂ ಕೈ ಬಾಯಿಗೆ ಒಡ್ಡಿ ಬಯಲಿನತ್ತ ತಿರುಗಿ ಕೂಗುತ್ತಿದ್ದ. ಕಣ್ಣೀರಿಗೆ ಧೂಳು ಮೆತ್ತಿ ಮುಖ ಮುಖದಂತಿರಲಿಲ್ಲ.

"ಬಿಲ್ಗೂನ್!"

ಅವನು ಬೆಚ್ಚಿ ತಿರುಗಿದ. ಆ ಕಣ್ಣುಗಳಲ್ಲಿ ಒಂದು ಗಳಿಗೆ ಮಿಂಚಿದ ಆಸೆಯನ್ನು ಉಯಾಂಗಾ ಮುಂದೆಂದೂ ಮರೆಯಲಿಲ್ಲ. ಅಷ್ಟು ಕಾಲ ಕೂಗಿದ್ದಕ್ಕೆ ಮೊದಲ ಸಲ ಯಾರೋ ಓಗೊಟ್ಟಿದ್ದರು.

ಅವಳೆಂದು ಗೊತ್ತಾದಾಗ ಅವನು ಕುಸಿದು ಕುಳಿತ. ಆದರೆ ಮರುಕ್ಷಣವೇ ಎದ್ದು, ಅವಳ ತೋಳು ಹಿಡಿದು, ಕುರಿಗಳಿಗೆಂದು ಕಟ್ಟಿದ್ದ ಕಲ್ಲುಗೋಡೆಯ ಮರೆಗೆ ಎಳೆದೊಯ್ದ.

"ತಲೆ ಕೆಟ್ಟಿದ್ಯಾ ನಿಮಗೆ? ಸಾಯೋಕೆ ಬಂದ್ರಾ?"

"ಬಿಟ್ಟು ಓಡಿಹೋದವನು ಯಾಕೆ ಹುಡುಕ್ತಾ ಇದ್ದಾನೆ ಅಂತ ಕೇಳೋಕೆ ಬಂದೆ. ನಿಜ ಹೇಳಿ!"

ಅವನು ಗೋಡೆಯತ್ತ ಮುಖ ತಿರುಗಿಸಿದ.

"ಹೇಳಿ ಬಿಲ್ಗೂನ್! ಎರಡು ವರ್ಷ ನಿಮ್ಮನ್ನ ಶಪಿಸಿದ್ದೀನಿ. ಆ ಶಾಪ ಯಾರಿಗೆ ಸೇರಬೇಕು ಅಂತನಾದ್ರೂ ಗೊತ್ತಾಗಲಿ!"

ಗೋಡೆಯ ಮೇಲಿಂದ ಮರಳು ಸುರಿಯುತ್ತಿತ್ತು. ಅವನು ಅದಕ್ಕೆ ಬೆನ್ನು ಕೊಟ್ಟು ಕುಳಿತ.

"ಜೀಪು ಕೆಟ್ಟು ನಿಂತಿತ್ತು. ಒಳಗೇ ಕೂರೋಣ, ಗಾಳಿ ಇಳೀಲಿ ಅಂದೆ. ಕಂಬದ ಮೇಲಿನ ಪೆಟ್ಟಿಗೆ ಬಿಚ್ಚಿಕೊಂಡಿದೆ, ಹಾಗೇ ಬಿಟ್ರೆ ಅಳೆದದ್ದೆಲ್ಲ ಹಾಳು, ಕಟ್ಟಿ ಬರ್ತೀನಿ ಅಂದ ಅವನು. ಬೇಡ ಅಂದೆ. ನಗ್ತಾ ಇಳಿದ..."

"ಆಮೇಲೆ?"

"ಆಮೇಲೆ ಕೂಗಿದೆ. ಬೆಳಗಾಗೋವರೆಗೂ ಕೂಗಿದೆ. ಚಳಿಗೆ ಬೆರಳು ಹೋದದ್ದೂ ಗೊತ್ತಾಗಲಿಲ್ಲ."

"ಮತ್ತೆ ಕಂಪನಿಯವರು..."

"ಎಚ್ಚರಿಕೆ ಮೀರಿ ತಾನಾಗೇ ಹೊರಗೆ ಹೋಗಿ ಸತ್ತರೆ ಮನೆಯವರಿಗೆ ಪರಿಹಾರ ಇಲ್ವಂತೆ. ಅವನಿಗಿದ್ದದ್ದು ತಾಯಿ ಒಬ್ಬಳೇ. 'ನಾನೇ ಬಿಟ್ಟು ಹೋದೆ' ಅಂತ ಹೇಳಿಬಿಟ್ಟೆ." ಅವನು ತಲೆ ತಗ್ಗಿಸಿದ. "ಪೂರ್ತಿ ಸುಳ್ಳೇನಲ್ಲ ಮೇಡಂ. ಹಿಡಿದು ಕೂರಿಸಬೇಕಿತ್ತು ನಾನು."

ಬೆರಳಿಲ್ಲದ ಆ ಕೈಯನ್ನು ತನ್ನ ಎರಡೂ ಕೈಗಳೊಳಗೆ ತೆಗೆದುಕೊಂಡಳು. ಅದು ಮಂಜಿನಷ್ಟು ತಣ್ಣಗಿತ್ತು. ಅವಳು ಅತ್ತಳು. ಚೊಗ್ತ್‌ಗಾಗಿ ಅತ್ತಳೋ, ಇವನಿಗಾಗಿಯೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹಯಾಕಾವಾ ಬಂದಿಳಿದರು. ಕುರಿಗಾಹಿಗಳೆಲ್ಲ ದುಲ್ಮಾಳ ಗೆರ್‌ನಲ್ಲಿ ಸೇರಿದರು.

"ಗಾಳಿಯ ಲೆಕ್ಕ ನಾನು ನೋಡಿದ್ದೀನಿ, ತುಂಬ ಚೆನ್ನಾಗಿದೆ. ಇವರು ಬೇಡ ಅಂದ್ರೆ ಮಾತ್ರ ಇವತ್ತೇ ವಾಪಸ್ಸು ಹೋಗ್ತೀನಿ," ಎಂದರು ಹಯಾಕಾವಾ ಮೆಲ್ಲಗೆ.

ಉಯಾಂಗಾ ಬಿಲ್ಗೂನ್‌ನತ್ತ ನೋಡಲಿಲ್ಲ. ಸತ್ಯ ಹೇಳುವುದು ತನ್ನ ಕೆಲಸ. ಆದರೆ ಈ ಸತ್ಯ ತನ್ನದಲ್ಲ. ಎಲ್ಲರ ಮುಂದೆ ಅವನ ಸಂಕಟ ಬಿಚ್ಚಿಟ್ಟು ಒಪ್ಪಿಗೆ ಪಡೆಯುವುದಾದರೆ ಆ ಒಪ್ಪಿಗೆಯೇ ಬೇಡ... ಅವಳು ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದಳು.

"ಕೂಗ್ತಾ ಇದ್ದದ್ದು ನಾನು," ಎಂದ ಬಿಲ್ಗೂನ್, ಬಾಗಿಲ ಬಳಿಯಿಂದ.

ಗೊಂಚಿಗ್ ಎದ್ದುನಿಂತ.

"ನೀನಾ? ಎರಡು ವರ್ಷದಿಂದ ಮೇಕೆಗಳನ್ನ ಸುತ್ತು ದಾರೀಲಿ ಹೊಡ್ಕೊಂಡು ಹೋಗ್ತಿದ್ದೀನಲ್ಲೋ ದರಿದ್ರದವನೇ! ಮೊಣಕಾಲು ಸವೆದುಹೋಯ್ತು ನಂದು!"

ಯಾರೋ ಕಿಸಕ್ಕೆಂದರು. ಮುದುಕ ಮಾತ್ರ ನಗಲಿಲ್ಲ. ಹತ್ತಿರ ಬಂದು ಬಿಲ್ಗೂನ್‌ನ ತಲೆಯ ಮೇಲೆ ಕೈಯಿಟ್ಟ.

"ಹೋದವರನ್ನ ಹಾಗೆ ಕರೀಬಾರದು ಕಣೋ. ಪ್ರತಿ ಸಲ ಅವನು ತಿರುಗಿ ನೋಡ್ತಾನೆ. ಹೀಗಾದ್ರೆ ಅವನು ಯಾವತ್ತು ಹೋಗಿ ಸೇರ್ತಾನೆ, ಹೇಳು?"

ಆಗ ಬಿಲ್ಗೂನ್ ಮಗುವಿನಂತೆ ಅತ್ತ. ದುಲ್ಮಾ ಹೊರಗೆ ಹೋಗಿ, ಹೋದವನನ್ನು ಬೀಳ್ಕೊಡಲು ದಿಬ್ಬದತ್ತ ಹಾಲು ಚಿಮುಕಿಸಿ ಬಂದಳು.

ಸಂಜೆಯೊಳಗೆ ಕುರಿಗಾಹಿಗಳು ಒಪ್ಪಿದರು, ತಮ್ಮ ಷರತ್ತುಗಳೊಡನೆ. ಚಳಿಗಾಲದ ಹುಲ್ಲುಗಾವಲನ್ನು ತಮಗೇ ಬಿಡಬೇಕು, ಪೂಜೆಯ ಕಲ್ಲುಗುಡ್ಡೆ ಮುಟ್ಟಬಾರದು, ಮೊದಲ ದೀಪ ತಮ್ಮ ಗೆರ್‌ಗಳಲ್ಲೇ ಹತ್ತಬೇಕು. ಹಯಾಕಾವಾ ಒಂದೊಂದನ್ನೂ ಕೇಳಿ ತಲೆಯಾಡಿಸಿದರು.

ರೈಲು ನಿಲ್ದಾಣದಲ್ಲಿ ಬಿಲ್ಗೂನ್ ಅವಳ ಪೆಟ್ಟಿಗೆ ಇಳಿಸಿದ. ಇಬ್ಬರಿಗೂ ಹೇಳುವುದಿತ್ತು. ಇಬ್ಬರೂ ಹೇಳಲಿಲ್ಲ. ರೈಲು ಹೊರಟಿತು.

ಊರಿನಲ್ಲಿ ಬೇಸಿಗೆ ಹೇಗೋ ಕಳೆಯಿತು. ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಹಿಂದೆ ಯಾರೋ ನಡೆದು ಬರುತ್ತಿರುವಂತೆ ಉಯಾಂಗಾಳಿಗೆ ಅನಿಸುತ್ತಿತ್ತು. ದ್ವೇಷ ಎದ್ದುಹೋದ ಜಾಗದಲ್ಲಿ ಈಗ ಯಾರು ಬಂದು ಕುಳಿತಿದ್ದಾರೆಂದು ನೋಡಲು ಅವಳಿಗೆ ಭಯ. ಬಿಲ್ಗೂನ್‌ನ ದನಿ ನೆನಪಾದಾಗಲೆಲ್ಲ ಬೆನ್ನ ಹಿಂದೆ ಚೊಗ್ತ್ ನಿಂತ ಹಾಗೆ... ಅವಳು ತಿರುಗುತ್ತಿದ್ದಳು. ಯಾರೂ ಇರುತ್ತಿರಲಿಲ್ಲ. ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟುಬಿಡುತ್ತಿದ್ದಳು.

ಚಳಿ ಬಿದ್ದ ಮೇಲೆ, ಹೊಗೆ ಕವಿದ ಒಂದು ಭಾನುವಾರ, ಧೈರ್ಯ ಮಾಡಿ ಚೊಗ್ತ್‌ನ ತಾಯಿ ಚೆರ್ಮಾಳ ಮನೆಗೆ ಹೊರಟಳು. ಆ ತಾಯಿಗೆ ಸತ್ಯ ಹೇಳಲೇಬೇಕಿತ್ತು.

"ನನಗೆ ಗೊತ್ತು ಮಗಳೇ," ಎಂದಳು ಚೆರ್ಮಾ, ಉಯಾಂಗಾ ಹೇಳಿ ಮುಗಿಸುವ ಮೊದಲೇ, ಬಾಗಿಲಲ್ಲೇ ಅವಳ ಕೈ ಹಿಡಿದು. "ನನ್ನ ಮಗನನ್ನ ನಾನು ಹೆತ್ತವಳಲ್ವಾ? ಕೂರು ಅಂದ್ರೆ ಓಡೋನು ಅವನು. ಬಿಟ್ಟು ಓಡಿಹೋದವನು ಪ್ರತಿ ಚಳಿಗಾಲ ಒಂದು ಕುರಿ ಹೊತ್ಕೊಂಡು ಬಂದು ನನ್ನ ಬಾಗಿಲು ತಟ್ತಾನಾ?"

"ಪ್ರತಿ... ಚಳಿಗಾಲ?"

"ಒಳಗೇ ಇದ್ದಾನೆ, ನೋಡು. ಮಾಂಸ ಕತ್ತರಿಸೋಕೆ ಬರುತ್ತೆ. ಮಾತಾಡೋಕೆ ಮಾತ್ರ ಬರಲ್ಲ." ಮುದುಕಿ ಅವಳ ಕೆನ್ನೆ ಸವರಿದಳು. "ನಾನು ತಾಯಿ, ಹೋದ ಮಗನಿಗೆ ಕಾಯ್ತೀನಿ. ನೀನು ಕಾಯಬೇಡ. ಹೋಗು ಒಳಗೆ. ನಾನು ಇದ್ದಲು ತರ್ತೀನಿ."

ಒಲೆಯ ಪಕ್ಕದಲ್ಲಿ ಬಿಲ್ಗೂನ್ ಚೂರಿ ಹಿಡಿದು ಕುಳಿತಿದ್ದ. ಅವಳನ್ನು ಕಂಡು ಎದ್ದುನಿಂತ.

"ಒಂದು ಫೋನ್ ಮಾಡಲಿಲ್ಲ ನೀವು," ಎಂದಳು ಉಯಾಂಗಾ.

"ನೀವೂ ಮಾಡಲಿಲ್ಲ."

"ನಿಮ್ಮನ್ನ ನೆನೆಸ್ಕೊಂಡ್ರೆ ಅವನು ಬಂದು ನಿಲ್ತಾನೆ."

"ನನಗೂ ಹಾಗೇ." ಅವನು ಚೂರಿ ಕೆಳಗಿಟ್ಟ. "ಅವತ್ತು ದಾರಿಯುದ್ದಕ್ಕೂ ನಿಮ್ಮ ಮಾತೇ ಆಡ್ತಿದ್ದ. ನಿಮ್ಮ ಬಗ್ಗೆ ನನಗೆ ಗೊತ್ತಿರೋದೆಲ್ಲ ಅವನು ಹೇಳಿದ್ದೇ. ನಿಮ್ಮನ್ನ ಇಷ್ಟಪಟ್ರೆ... ಅವನ ಜೇಬಿಗೆ ಕೈ ಹಾಕಿದ ಹಾಗಾಗುತ್ತೆ."

ಉಯಾಂಗಾಳ ಕಣ್ಣು ತುಂಬಿತು. "ಏನೇನು ಹೇಳಿದ್ದ?"

"ಕೋಪ ಬಂದ್ರೆ ಬೇಕಂತಲೇ ಅಡುಗೆಗೆ ಉಪ್ಪು ಜಾಸ್ತಿ ಹಾಕ್ತೀರಿ ಅಂತ."

ಅವಳು ನಕ್ಕಳು. ನಗುತ್ತಲೇ ಅತ್ತಳು.

"ಅವನು ಎಲ್ಲೂ ಹೋಗಲ್ಲ ಬಿಲ್ಗೂನ್. ನಮ್ಮ ಜೊತೆಗೇ ಇರ್ತಾನೆ. ಬೇಡ ಅನ್ನೋಕೂ ನನಗೆ ಮನಸ್ಸಿಲ್ಲ. ಅಂಥ ಮನೇಲಿ ಇರೋಕಾಗುತ್ತಾ ನಿಮಗೆ?"

"ಅವನಿಲ್ಲದ ಮನೇಲಿ ಇರೋದೇ ನನಗೆ ಗೊತ್ತಿಲ್ಲ," ಎಂದ ಅವನು. "ಆದ್ರೆ ನಾಳೆ ರೈಲಿದೆ ನನಗೆ. ಹೋಗು ಅಂದ್ರೆ ಹೋಗ್ತೀನಿ."

ಹೊರಗೆ ಚೆರ್ಮಾ ಇದ್ದಲ ಬುಟ್ಟಿಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. ಉಯಾಂಗಾ ಒಂದು ಹೆಜ್ಜೆ ಮುಂದೆ ಬಂದು ಅವನ ಎದೆಗೆ ಹಣೆ ಆನಿಸಿದಳು.

"ಇರು," ಎಂದಳು.

ಇರಿ ಎನ್ನಲಿಲ್ಲ.